ಬೆಳಸಿ ಕೊಟ್ಟ ಹುಡುಗನ ಊರು

ಸೊಲ್ಲಾಪುರ ತನ್ನ ಹುಟ್ಟಿನ ಬಗ್ಗೆ ಹೇಳಿಕೊಳ್ಳುವ ಕಥೆಯಲ್ಲಿ ಒಬ್ಬ ಹುಡುಗ ಹೊಲ ಕಾಯುತ್ತಿದ್ದಾನೆ. ಊರಿಗೆ ಆಗಿನ ಹೆಸರು ಸೊನ್ನಲಿಗೆ. ಹುಡುಗನ ತಂದೆ ಮುದ್ದುಗೌಡ, ತಾಯಿ ಸುಗ್ಗವ್ವೆ. ಆ ಹೊಲಕ್ಕೆ ಜಂಗಮನೊಬ್ಬ ಬರುತ್ತಾನೆ, ತಿನ್ನಲು ಏನಾದರೂ ಕೊಡೆನ್ನುತ್ತಾನೆ. ಹುಡುಗ ಎಳೆಯ ತೆನೆ ಮುರಿದು ಬೆಳಸಿ, ಅಂದರೆ ಹಾಲುಗಟ್ಟಿದ ಹಸಿ ಕಾಳು, ಕೊಡುತ್ತಾನೆ. ತಿಂದವನಿಗೆ ಹೊಟ್ಟೆ ತಣಿಯಲು ಇನ್ನೂ ಏನಾದರೂ ಬೇಕು. ಹುಡುಗ ಮನೆಗೆ ಓಡಿ ಮೊಸರು ಬೆರೆಸಿದ ಬುತ್ತಿ ಹಿಡಿದು ಮರಳುವ ಹೊತ್ತಿಗೆ ಹೊಲದಲ್ಲಿ ಯಾರೂ ಇಲ್ಲ. ಬಂದವನ ಹೆಸರು ಮಲ್ಲಯ್ಯ ಎಂಬುದಷ್ಟೇ ಅವನಿಗೆ ಗೊತ್ತು. ಆ ಹೆಸರನ್ನೇ ಕೂಗುತ್ತ ಹುಡುಗ ಶ್ರೀಶೈಲದವರೆಗೆ ಹೋಗುತ್ತಾನೆ, ತಿರುಗಿ ಬಂದು ಕೆರೆ ಕಟ್ಟುತ್ತಾನೆ, ಗುಡಿ ಕಟ್ಟುತ್ತಾನೆ, ಅರವತ್ತೆಂಟು ಲಿಂಗಗಳನ್ನು ನೆಲೆಗೊಳಿಸುತ್ತಾನೆ, ಶಿವಯೋಗಿ ಸಿದ್ಧರಾಮನಾಗುತ್ತಾನೆ. ರಾಘವಾಂಕನ ‘ಸಿದ್ಧರಾಮ ಚಾರಿತ್ರ’ ಈ ಕಥೆಯನ್ನು ಕನ್ನಡದಲ್ಲಿ ನೆಲೆ ನಿಲ್ಲಿಸಿತು. ಹುಡುಗನಿಗೆ ಗುರು ಭೇಟಿಯಾದ ತಾಣವೆಂದು ನಂಬುವ ಜಾಗಕ್ಕೆ ಸೊಲ್ಲಾಪುರದವರು ಇವತ್ತಿಗೂ ‘ಗುರುಭೇಟ’ ಎನ್ನುತ್ತಾರೆ. ಹುಡುಗನೊಬ್ಬ ಬಯಲಿನಲ್ಲಿ ಬಡಿಸಿದ ಊಟವನ್ನು ತನ್ನ ಮೊದಲ ಘಟನೆಯೆಂದು ನೆನೆಯುವ ಪಟ್ಟಣಗಳು ಹೆಚ್ಚಿರಲಾರವು.

ಪುರಾಣವನ್ನು ಚರಿತ್ರೆಯ ಸಾಕ್ಷಿಯಾಗಿ ತರಬಹುದೇ ಎಂಬ ಪ್ರಶ್ನೆ ಇಲ್ಲೇ ಏಳುತ್ತದೆ. ಪವಾಡವನ್ನು ನಂಬಬೇಕೆಂದು ಯಾರನ್ನೂ ಒತ್ತಾಯಿಸಬೇಕಾಗಿಲ್ಲ. ಆದರೆ ಪವಾಡ ನಡೆಯುವ ಹಿನ್ನೆಲೆಯನ್ನು ಕವಿ ಗಾಳಿಯಿಂದ ತರುವುದಿಲ್ಲ. ಕೇಳುಗರಿಗೆ ದಿನನಿತ್ಯ ಗೊತ್ತಿರುವ ಸಂಗತಿಗಳನ್ನೇ ಹಾಸುತ್ತಾನೆ. ತೆನೆ ಹಾಲುಗಟ್ಟುವ ಕಾಲದಲ್ಲಿ ಹಕ್ಕಿ ಕಾಯಲು ಮಕ್ಕಳನ್ನು ಹೊಲಕ್ಕೆ ಕಳಿಸುತ್ತಿದ್ದರು, ಕಾಯುವ ಹುಡುಗನಿಗೆ ತೆನೆ ಮುರಿದು ದಾರಿಹೋಕರಿಗೆ ಕೊಡುವ ಹಕ್ಕಿತ್ತು, ಹಸಿಯ ಕಾಳು ತಿಂದ ಹೊಟ್ಟೆಗೆ ಮೊಸರು–ಮಜ್ಜಿಗೆಯ ತಂಪು ಬೇಕೆಂದು ಅವನಿಗೆ ತಿಳಿದಿತ್ತು. ಕಥೆ ಇವನ್ನೆಲ್ಲ ವಿವರಿಸಲು ನಿಲ್ಲುವುದಿಲ್ಲ, ಏಕೆಂದರೆ ಕೇಳುತ್ತಿದ್ದವರಿಗೆ ವಿವರಣೆ ಬೇಕಿರಲಿಲ್ಲ. ಇಲ್ಲಿ ಗಮನಿಸಬೇಕಾದ ಮಾತು ಒಂದುಂಟು: ಆ ಬಯಲೂಟದಲ್ಲಿ ದೊಡ್ಡವನು ಅತಿಥಿ, ಹುಡುಗ ಆತಿಥೇಯ. ಹೊಲ ಅವನ ವಶದಲ್ಲಿದೆ, ಏನು ಹಣ್ಣಾಗಿದೆ ಏನು ಆಗಿಲ್ಲ ಎಂಬುದು ಅವನಿಗೆ ಗೊತ್ತಿದೆ, ಕೊಡುವ ಕೈ ಅವನದು. ಮಕ್ಕಳಿಗಾಗಿ ತೋಟದಲ್ಲೋ ಬಯಲಲ್ಲೋ ಔತಣ ಏರ್ಪಡಿಸುವ ಪದ್ಧತಿಯನ್ನು ಈಗ ನಾವು ಪಟ್ಟಣದ ಹೊಸ ರೂಢಿ ಎಂದುಕೊಂಡಿದ್ದೇವೆ: ಬಣ್ಣದ ಪುಟ್ಟ ಕುಂಡಗಳು, ಕೈಗೊಂದು ಸಸಿ, ಹೂವಿನ ಆಕಾರದ ಕೇಕು, ಕೊನೆಗೆ ಬೀಜದ ಪೊಟ್ಟಣದ ಉಡುಗೊರೆ. ಸೊಲ್ಲಾಪುರ ಮತ್ತು ಅಕ್ಕಲಕೋಟೆಯ ಕರಿನೆಲದಲ್ಲಿ ಇದಕ್ಕಿಂತ ಬಹಳ ಹಳೆಯದಾದ, ಇದಕ್ಕಿಂತ ಆಳವಾದ ಒಂದು ರೂಢಿಯಿದೆ. ಅದರಲ್ಲಿ ಮಗುವಿಗೆ ಅತಿಥಿಯ ಸ್ಥಾನ ಸಾಲದೆಂದು ಹಿರಿಯರು ಭಾವಿಸಿದ್ದರು. ಮಗು ಪಾಲುದಾರನಾಗಿ ಹೊಲಕ್ಕೆ ಬರಬೇಕಿತ್ತು. ಆ ರೂಢಿ ಶತಮಾನಗಳನ್ನು ದಾಟಿ ಉಳಿದದ್ದಕ್ಕೆ ಈ ಪಾಲುಗಾರಿಕೆಯೇ ಕಾರಣ, ಈಗ ಅದು ಸೊರಗುತ್ತಿದ್ದರೆ ಅದಕ್ಕೂ ಈ ಪಾಲು ಕಳಚಿದ್ದೇ ಕಾರಣ ಎಂಬುದು ಈ ಬರಹದ ವಾದ.

ರೂಢಿಯ ನಡುಮನೆ ಎಳ್ಳಮಾವಾಸ್ಯೆ. ಮಾರ್ಗಶಿರದ ಕೊನೆಯ ದಿನ, ಡಿಸೆಂಬರಿನ ಉತ್ತರಾರ್ಧಕ್ಕೋ ಜನವರಿಯ ಮೊದಲ ವಾರಗಳಿಗೋ ಬರುವ ಅಮಾವಾಸ್ಯೆ. ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಬಿತ್ತಿದ ಹಿಂಗಾರಿ ಜೋಳ ಆಗ ಆಳೆತ್ತರ ನಿಂತು ತೆನೆ ಹಿಡಿದಿರುತ್ತದೆ. ಕಡಲೆ ಹೂವು ಕಾಯಿಗಳ ನಡುವೆ ಇರುತ್ತದೆ. ಕುಸುಬೆ ಮುಳ್ಳು ಬಲಿಯುತ್ತಿರುತ್ತದೆ. ಹಿಂದಿನ ರಾತ್ರಿಯಿಂದಲೇ ಅಡಿಗೆಮನೆಗಳಲ್ಲಿ ದೀಪ ಆರುವುದಿಲ್ಲ. ಸಜ್ಜೆ ರೊಟ್ಟಿ, ಸಜ್ಜೆ ಕಡಬು, ಜೋಳದ ಅಂಬಲಿ, ಶೇಂಗಾ ಹೋಳಿಗೆ, ಗೋಧಿ ಹುಗ್ಗಿ, ಪುಂಡಿಪಲ್ಲೆ, ಗುರೆಳ್ಳು ಹಿಂಡಿ, ಇವೆಲ್ಲಕ್ಕೂ ನಾಯಕನಂತೆ ಭಜ್ಜಿ. ಬೆಳಗಾದರೆ ಬಂಡಿ ಕಟ್ಟಿ, ಈಗೀಗ ಟ್ರ್ಯಾಕ್ಟರು, ಟಂಟಂಗಳಲ್ಲಿ, ಮನೆಮಂದಿ ನೆಂಟರಿಷ್ಟರೆಲ್ಲ ಹೊಲಕ್ಕೆ. ಅಲ್ಲಿ ಬನ್ನಿಯ ಬುಡದಲ್ಲೋ ಕಣಿಕೆಯ ಸೂಡು ಒರಗಿಸಿ ಮಾಡಿದ ಕೊಂಪೆಯೊಳಗೋ ಐದು ಕಲ್ಲಿಟ್ಟು ಸುಣ್ಣ ಬಳಿದು ಪಾಂಡವರೆಂದು ಪೂಜೆ. ಆಮೇಲೆ ಎಲ್ಲ ಅಡಿಗೆಯ ಒಂದೊಂದು ತುತ್ತು ಕಲಸಿ, ಹೊಲದ ನಾಲ್ಕೂ ಬದುಗುಂಟ ನಡೆಯುತ್ತ, ಕೂಗು ಹಾಕುತ್ತ ಚರಗ ಚೆಲ್ಲುವುದು. ಒಬ್ಬರು ಚರಗ ಚೆಲ್ಲಿದರೆ ಹಿಂದೆ ಬರುವವರು ನೀರು ಚಿಮುಕಿಸುತ್ತಾರೆ, ಕೂಗಿಗೆ ಮರುಕೂಗು ಕೊಡುತ್ತಾರೆ. ಆ ಮರುಕೂಗು ಬಹುಪಾಲು ಮಕ್ಕಳ ಗಂಟಲಿನದು. ಅದು ಮುಗಿದ ಮೇಲೆಯೇ ಊಟ. ಊಟದ ನಂತರ ಮರಕ್ಕೆ ಜೋಕಾಲಿ, ಗಾಳಿಪಟ, ಬೆಂಕಿಯ ಮೇಲೆ ಸುಟ್ಟ ಹಸಿ ತೆನೆಯ ಸೀತನಿ, ಬುಡಸಹಿತ ಕಿತ್ತ ಕಡಲೆಯ ಸುಲಗಾಯಿ. ಸಂಜೆಗೆ ಮುಖಕ್ಕೆಲ್ಲ ಕಪ್ಪು ಬಳಿದುಕೊಂಡ ಮಕ್ಕಳನ್ನು ಬಂಡಿಗೆ ಹತ್ತಿಸಿಕೊಂಡು ಮನೆಗೆ.

ಭಜ್ಜಿಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಎಣ್ಣೆಯಲ್ಲಿ ಕರಿದ ಬಜ್ಜಿಯೆಂದು ದಕ್ಷಿಣದವರು ತಪ್ಪು ತಿಳಿಯಬಾರದು. ಇದು ಆ ಋತುವಿನಲ್ಲಿ ಆ ಹೊಲಗಳಲ್ಲಿ ಸಿಗುವ ಹಸಿರೆಲ್ಲವನ್ನೂ ಕೂಡಿಸಿ ಬೇಯಿಸಿದ ಪಲ್ಲೆ: ಕಡಲೆಯ ಚಿಗುರು, ಹಸಿ ತೊಗರಿಕಾಳು, ಅವರೆ, ಬಟಾಣಿ, ಮೆಂತ್ಯ, ಗಜ್ಜರಿ, ಬದನೆ, ಹಸಿ ಶೇಂಗಾ, ಹುಣಸೆಯ ಹುಳಿ, ಹಿಡಿದು ನಿಲ್ಲಿಸಲು ಕಡಲೆ ಹಿಟ್ಟು. ಎಷ್ಟು ಬಗೆ ಸೇರಿದರೆ ಅಷ್ಟು ಮೇಲು ಎಂಬುದು ಮನೆಮನೆಯ ಹೆಮ್ಮೆ. ಆ ಹೆಮ್ಮೆಗೆ ಒಂದು ಕೆಲಸವಿತ್ತು. ಹಿಂದಿನ ದಿನ ಈ ಸೊಪ್ಪು ಕಾಳು ಕೂಡಿಹಾಕಲು ಹೊಲ ಹೊಲ ತಿರುಗುವವರು ಸಾಮಾನ್ಯವಾಗಿ ಮಕ್ಕಳೇ. ಕಡಲೆಯ ಎಲೆಯ ಹುಳಿ ಬೆರಳಿಗೆ ಅಂಟುವುದು, ತೊಗರಿಯ ಕಾಯಿ ಎಷ್ಟು ಉಬ್ಬಿದ್ದರೆ ಕೀಳಬೇಕು, ಯಾವ ಸೊಪ್ಪು ಕಳೆ ಯಾವುದು ತಿನ್ನುವಂಥದ್ದು, ಇವನ್ನೆಲ್ಲ ಯಾರೂ ಕೂರಿಸಿ ಹೇಳಿಕೊಡಬೇಕಾಗಿರಲಿಲ್ಲ. ಭಜ್ಜಿ ಎಂದರೆ ಹೊಲದ ಜನಗಣತಿ. ಮರುದಿನ ತಟ್ಟೆಗೆ ಬಿದ್ದಾಗ ಮಗು ತಾನು ಕಿತ್ತದ್ದನ್ನು ಗುರುತಿಸುತ್ತದೆ. ಚರಗದ ನಡಿಗೆಯೂ ಹಾಗೆಯೇ. ತಮ್ಮ ಹೊಲ ಎಲ್ಲಿ ಮುಗಿಯುತ್ತದೆ, ಬದುವಿನ ಆಚೆ ಯಾರದು, ನೀರು ಎತ್ತ ಹರಿಯುತ್ತದೆ, ಮಣ್ಣು ಎಲ್ಲಿ ಕೊರೆದಿದೆ ಎಂಬುದನ್ನು ಮಗು ವರ್ಷಕ್ಕೊಮ್ಮೆ ಕಾಲಿನಿಂದ ಓದುತ್ತದೆ. ಭೂಮಿಯ ಮೋಜಣಿ, ನಕಾಶೆಗಳು ಬ್ರಿಟಿಷರ ಕಾಲದಲ್ಲಿ ಕಚೇರಿಗೆ ಬಂದವು. ಅದಕ್ಕೂ ಮೊದಲು ಎಲ್ಲೆಯ ತಿಳಿವಳಿಕೆ ಇಂಥ ಸುತ್ತುಗಳಲ್ಲೇ ತಲೆಮಾರಿನಿಂದ ತಲೆಮಾರಿಗೆ ದಾಟಬೇಕಿತ್ತು.

ಎಳ್ಳಮಾವಾಸ್ಯೆಯೊಂದನ್ನೇ ನೋಡಿದರೆ ಇದು ಒಂದು ದಿನದ ಸಂಭ್ರಮವೆಂದು ಅನಿಸಬಹುದು. ವರ್ಷದ ಉದ್ದಕ್ಕೂ ನೋಡಿದರೆ ಮಕ್ಕಳಿಗೆಂದೇ ಹಾಸಿದ ಒಂದು ದಾರಿ ಕಾಣುತ್ತದೆ. ಜ್ಯೇಷ್ಠದ ಕಾರಹುಣ್ಣಿಮೆಯಲ್ಲಿ ನಿಜವಾದ ಎತ್ತುಗಳಿಗೆ ಸಿಂಗಾರ; ಅದಾಗಿ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ, ಆಗ ಮಕ್ಕಳ ಕೈಗೆ ಕರಿಮಣ್ಣು. ಮುಂಗಾರು ಹನಿದು ಮಣ್ಣು ಹದಕ್ಕೆ ಬರುವ ಹೊತ್ತಿನಲ್ಲೇ ಈ ಹಬ್ಬ ಬರುತ್ತದೆ. ಎತ್ತು ಮುರಿಯದೆ ನಿಲ್ಲಬೇಕಾದರೆ ಮಣ್ಣಿಗೆ ಎಷ್ಟು ನೀರು ಹಿಡಿಸಬೇಕೆಂದು ಬೆರಳು ಕಲಿಯುತ್ತದೆ. ಆಷಾಢದ ಮಂಗಳವಾರಗಳಲ್ಲಿ ಹುಡುಗಿಯರ ಗುಳ್ಳವ್ವ. ಮಣ್ಣಿನ ಗುಳ್ಳವ್ವನಿಗೆ ಗುಲಗಂಜಿ, ಕುಸುಬೆಕಾಳು, ಜೋಳದ ಕಾಳುಗಳೇ ಒಡವೆ. ಓಣಿಯ ಹುಡುಗಿಯರು ಆರತಿ ಹಿಡಿದು ಮನೆಮನೆಗೆ ಹೋಗಿ ಹಾಡಿ, ಸಿಕ್ಕ ಕಾಳುಕಡ್ಡಿ ಕೂಡಿಸಿ, ಕೊನೆಯ ವಾರ ಬುತ್ತಿ ಕಟ್ಟಿಕೊಂಡು ಹಳ್ಳದ ದಂಡೆಗೋ ತೋಟಕ್ಕೋ ಹೋಗುತ್ತಾರೆ. ಗುಳ್ಳವ್ವನನ್ನು ಕಳಿಸಿ, ಕೂಡಿ ಉಣ್ಣುತ್ತಾರೆ. ಮಕ್ಕಳ ತೋಟದ ಔತಣ ಎಂಬ ಮಾತಿಗೆ ಇದಕ್ಕಿಂತ ಹತ್ತಿರದ ಕನ್ನಡ ರೂಪ ನನಗೆ ತೋರದು: ಕರೆಯುವವರು ಮಕ್ಕಳು, ಸಾಮಾನು ಕೂಡಿಸುವವರು ಮಕ್ಕಳು, ಜಾಗ ಆರಿಸುವವರೂ ಮಕ್ಕಳು. ಹಿರಿಯರು ಇಲ್ಲಿ ಕಾವಲಿಗಷ್ಟೇ. ಆಮೇಲೆ ನವರಾತ್ರಿಯ ಘಟ. ಹೊಲದ ಮಣ್ಣು ತಂದು, ಬುಟ್ಟಿಯಲ್ಲೋ ಎಲೆಯ ಮೇಲೋ ಹರಡಿ, ಕಾಳು ಚೆಲ್ಲಿ ಒಂಬತ್ತು ದಿನ ನೀರುಣಿಸುವುದು. ಹಿಂಗಾರಿ ಬಿತ್ತನೆಯ ದಿನಗಳಲ್ಲೇ ಈ ಮೊಳಕೆ ಏಳುತ್ತದೆ. ಅದು ದೇವಿಯ ಪೂಜೆ, ನಿಜ. ಅದರ ಜೊತೆಗೆ ಯಾವ ಕಾಳು ಎಷ್ಟು ಚುರುಕಾಗಿ ಮೊಳೆಯಿತು ಎಂಬುದನ್ನು ಮನೆಯ ಮಗು ದಿನವೂ ಬಗ್ಗಿ ನೋಡುವ ಪಾಠವೂ ಹೌದು. ಮಣ್ಣು, ಕಾಳು, ಮೊಳಕೆ, ಕೊನೆಗೆ ತೆನೆ: ಈ ನಾಲ್ಕೂ ಮೆಟ್ಟಿಲು ಹತ್ತಿದ ಮಗುವೇ ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ನಿಂತಿರುತ್ತದೆ.

ಇದು ಯಾರ ಹಬ್ಬ? ಗಡಿಯ ಊರುಗಳಲ್ಲಿ ಈ ಪ್ರಶ್ನೆ ತಪ್ಪಿಸಿಕೊಳ್ಳುವುದಿಲ್ಲ. ಎಳ್ಳಮಾವಾಸ್ಯೆ ವಿಜಯಪುರ, ಕಲಬುರಗಿ, ಬೀದರ, ಸೊಲ್ಲಾಪುರ, ಧಾರಾಶಿವ, ಲಾತೂರಗಳಲ್ಲಿ ಹಬ್ಬಿಕೊಂಡಿದೆ. ಲಾತೂರಿನಲ್ಲಿ ಜಿಲ್ಲಾಡಳಿತ ಆ ದಿನ ಸ್ಥಳೀಯ ರಜೆ ಕೊಡುತ್ತದೆ, ಪೇಟೆ ಬಿಕೋ ಎನ್ನುತ್ತದೆ. ಮರಾಠಿಯಲ್ಲಿ ಅದಕ್ಕೆ ‘ವೇಳ ಅಮಾವಾಸ್ಯಾ’, ಹಳ್ಳಿಯ ಬಾಯಲ್ಲಿ ‘ಯೆಳವಸ’. ವೇಳೆ ಎಂಬ ಪದಕ್ಕೆ ಅಲ್ಲಿ ಹೊಂದುವ ಅರ್ಥವಿಲ್ಲ; ಎಳ್ಳಮಾವಾಸ್ಯೆಯ ಆಡುರೂಪವಾದ ಎಳ್ಳಮಾಸಿಯೇ ಸವೆದು ಯೆಳವಸ ಆಗಿದೆ ಎಂಬ ವಿವರಣೆ ನನಗೆ ಒಪ್ಪಿತ. ಒಂದೇ ಪದದ ಮೇಲೆ ಗೋಡೆ ಕಟ್ಟಬಾರದು ಎನ್ನುವವರಿಗೆ ಇನ್ನೆರಡು ಪದಗಳಿವೆ. ಎತ್ತಿನ ಹಬ್ಬವನ್ನು ಮಹಾರಾಷ್ಟ್ರದ ಬಹುಭಾಗ ಶ್ರಾವಣದ ಅಮಾವಾಸ್ಯೆಗೆ ‘ಪೋಳಾ’ ಎಂದು ಆಚರಿಸಿದರೆ, ಸೊಲ್ಲಾಪುರದ ಕಡೆ ಮರಾಠಿ ಮಾತಾಡುವ ರೈತನೂ ‘ಕಾರಹುಣವಿ’ ಎನ್ನುತ್ತಾನೆ. ‘ಕರ್ನಾಟಕಿ ಬೇಂದೂರ’ ಎಂಬ ಹೆಸರೂ ಉಂಟು. ಸಂಕ್ರಾಂತಿಯ ಸಿದ್ಧರಾಮ ಜಾತ್ರೆಯಲ್ಲಿ ನಂದಿಧ್ವಜಗಳು ಅರವತ್ತೆಂಟು ಲಿಂಗಗಳಿಗೆ ಹೊರಡುವ ಮೊದಲ ದಿನದ ವಿಧಿಯನ್ನು ಮರಾಠಿ ಪತ್ರಿಕೆಗಳೂ ‘ಯಣ್ಣಿಮಜ್ಜನ’ ಎಂದೇ ಬರೆಯುತ್ತವೆ. ಎಣ್ಣೆ ಮಜ್ಜನ ಎಂಬ ಕನ್ನಡ ಅಲ್ಲಿ ಬಟ್ಟೆ ಬದಲಿಸದೆ ನಿಂತಿದೆ. ಎರಡು ರಾಜ್ಯಗಳ ಗಡಿ ವ್ಯಾಜ್ಯದ ಬಗ್ಗೆ 1967ರ ಮಹಾಜನ ಆಯೋಗದ ವರದಿ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಹಳ್ಳಿಗಳು ಕರ್ನಾಟಕಕ್ಕೆ ಸೇರಬೇಕೆಂದು ಹೇಳಿತ್ತು. ಆ ವ್ಯಾಜ್ಯ ಅದರ ಪಾಡಿಗೆ ಇರಲಿ. ನಾನು ಹೇಳಬಯಸುವುದು ಬೇರೆ. ಈ ಹಬ್ಬ ಹರಡಿರುವ ಸೀಮೆಯ ಮೇಲೆ ಹಿಂಗಾರಿ ಜೋಳ ಬೆಳೆಯುವ ಕರಿಮಣ್ಣಿನ ನಕ್ಷೆಯನ್ನು ಇಟ್ಟರೆ ಎರಡೂ ಬಹುಮಟ್ಟಿಗೆ ಕೂಡಿಕೊಳ್ಳುತ್ತವೆ. ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆಯ ಜೋಳ 2016ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಪಡೆಯಿತು. ಎರಡೂ ರಾಜ್ಯಗಳ ರೈತರು ದಶಕಗಳಿಂದ ಬಿತ್ತಿದ ‘ಮಾಲದಂಡಿ 35-1’ ತಳಿ ಆಯ್ಕೆಯಾದದ್ದು ಇದೇ ಜಿಲ್ಲೆಯ ಮೊಹೊಳದಲ್ಲಿ. ಹಬ್ಬದ ಹೆಸರು ಕನ್ನಡದ್ದು, ಹೊಲ ಎರಡೂ ಭಾಷೆಯದು. ಭಾಷೆ ಬದಲಾದ ಮನೆಗಳಲ್ಲೂ ಹೆಸರು ಉಳಿಯಬೇಕಾದರೆ ಅದನ್ನು ಚಿಕ್ಕಂದಿನಲ್ಲೇ, ಹೊಲದಲ್ಲೇ, ಕೂಗಿನ ಜೊತೆ ಕಲಿತಿರಬೇಕು. ಮಕ್ಕಳ ಪಾಲಿಗೆ ಇದೂ ಒಂದು ಸಾಕ್ಷಿ.

ಇದು ದೊಡ್ಡವರ ಭೂಮಿಪೂಜೆ, ಇದನ್ನು ಮಕ್ಕಳ ಔತಣವೆನ್ನುವುದು ಈ ಕಾಲದ ಕಣ್ಣಿನಿಂದ ನೋಡಿದ ಮಾತು ಎಂಬ ಆಕ್ಷೇಪ ಬರಬಹುದು. ಅದರಲ್ಲಿ ಹುರುಳಿದೆ. ಭೂತಾಯಿ ಬಸುರಿ, ಅವಳಿಗೆ ಬಯಕೆಯೂಟ ಎಂಬ ಭಾವ ಶೀಗಿ ಹುಣ್ಣಿಮೆಯಲ್ಲೂ ಇದರಲ್ಲೂ ಮೂಲದ್ದು. ಅಮಾವಾಸ್ಯೆಯೊಂದಿಗೆ ಹಿರಿಯರ ಎಳ್ಳು–ನೀರಿನ ನೆನಪೂ ಬೆರೆತಿದೆ. ಎಳ್ಳು ಮುಂಗಾರಿನ ಬೆಳೆ; ಮಾರ್ಗಶಿರದ ಹೊಲದಲ್ಲಿ ಅದು ನಿಂತಿರುವುದಿಲ್ಲ, ಹೆಸರಿಗೆ ಬಂದಿರುವ ಎಳ್ಳು ಹೊಲದ್ದಲ್ಲ, ತರ್ಪಣದ್ದೋ ಅಡಿಗೆಯದ್ದೋ ಇರಬೇಕು. ಆದರೆ ಬಯಕೆಯೂಟ ಎಂದ ಮೇಲೆ ಅದು ಹುಟ್ಟಲಿರುವ ಮಗುವಿನ ಊಟವೂ ಹೌದಷ್ಟೆ? ಒಂದು ತುದಿಯಲ್ಲಿ ಹೋದವರು, ಇನ್ನೊಂದು ತುದಿಯಲ್ಲಿ ಬರುವವರು. ನಡುವೆ ನಿಂತವರು ಅಂಬಲಿಯ ಗಡಿಗೆಯನ್ನು ಆ ಕಡೆಯಿಂದ ಈ ಕಡೆಗೆ ದಾಟಿಸುತ್ತಾರೆ. ಮಕ್ಕಳಿಲ್ಲದೆ ಚರಗ ಚೆಲ್ಲಿದರೆ ವಿಧಿ ಪೂರ್ತಿಯಾಗುತ್ತದೆ, ಆದರೆ ಮರುಕೂಗು ಇರುವುದಿಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಹಕ್ಕಿ ಕಾಯುವುದು, ದನ ಮೇಯಿಸುವುದು, ಸೊಪ್ಪು ಕೀಳುವುದು, ಇವೆಲ್ಲ ಬಾಲದುಡಿಮೆ. ಅದನ್ನು ಕಲಿಕೆಯೆಂದು ಚಂದ ಮಾಡಿ ಹೇಳುವುದು ನ್ಯಾಯವೇ? ಬಿಸಿಲಲ್ಲಿ ಅಟ್ಟದ ಮೇಲೆ ಕವಣೆ ಬೀಸುತ್ತ ನಿಂತ ಮಕ್ಕಳಲ್ಲಿ ಎಷ್ಟೋ ಮಂದಿ ಶಾಲೆಯ ಮುಖ ನೋಡಲಿಲ್ಲ. ಆ ದುಡಿಮೆ ಮರಳಿ ಬರಬೇಕೆಂದು ಯಾರೂ ಬಯಸಬಾರದು. 2009ರ ಶಿಕ್ಷಣ ಹಕ್ಕಿನ ಕಾಯ್ದೆ ಮಗುವಿನ ಹಗಲನ್ನು ಶಾಲೆಗೆ ಕೊಟ್ಟದ್ದು ಸರಿಯಾಗಿಯೇ ಇದೆ. ಆದರೆ ಹಬ್ಬವನ್ನು ದುಡಿಮೆಯಿಂದ ಬೇರ್ಪಡಿಸಿ ನೋಡಬೇಕು. ವರ್ಷದ ಬೇರೆ ದಿನ ಆಳಿನಂತೆ ನಿಂತ ಮಗು ಆ ಒಂದು ದಿನ ಯಜಮಾನನ ಮಗುವಿನ ಜೊತೆ ಹೊಲದ ಒಡೆಯನಂತೆ ಸುತ್ತುತ್ತಿತ್ತು, ಕಾದ ತೆನೆಯನ್ನು ತಾನೇ ಸುಟ್ಟು ತಿನ್ನುತ್ತಿತ್ತು. ಸಿದ್ಧರಾಮನ ಕಥೆಯ ಹುಡುಗ ಕಾವಲಿಗಿದ್ದವನೇ; ಕಥೆ ಅವನನ್ನು ನೆನೆಯುವುದು ಕಾವಲಿಗಾಗಿ ಅಲ್ಲ, ಕೊಟ್ಟದ್ದಕ್ಕಾಗಿ.

ಹಾಗಾದರೆ ಹೊಲವೇ ಇಲ್ಲದವರ ಮಕ್ಕಳು? ಇಲ್ಲಿ ರೂಢಿಯನ್ನು ಹೊಗಳುವ ಬಾಯಿ ತಡೆಯಬೇಕು. ಹೊಲವಿಲ್ಲದವರನ್ನು ಕರೆದು ಉಣಿಸುವುದು ಎಳ್ಳಮಾವಾಸ್ಯೆಯ ಕಟ್ಟಳೆಗಳಲ್ಲಿ ಒಂದು; ಆ ದಿನ ಯಾವ ಹೊಲಕ್ಕೆ ಯಾರು ಹೋದರೂ ಉಣ್ಣದೆ ಬಿಡುವುದಿಲ್ಲ ಎಂದು ಈ ಸೀಮೆ ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ಆ ಹೆಮ್ಮೆ ಸುಳ್ಳಲ್ಲ. ಆದರೆ ಕರೆಸಿಕೊಂಡು ಉಣ್ಣುವುದೂ ಕರೆದು ಉಣಿಸುವುದೂ ಒಂದೇ ಅಲ್ಲ. ಆಯಗಾರರ ವ್ಯವಸ್ಥೆಯಲ್ಲಿ ಊರಿಗೆ ದುಡಿದ ಜಾತಿಗಳ ಮಕ್ಕಳು ಪಾಲನ್ನು ದೂರ ಕುಳಿತು ಪಡೆದ ಕಾಲ ತೀರ ಹಳೆಯದೇನಲ್ಲ. ಚರಗದ ಸುತ್ತು ಎಲ್ಲೆಯನ್ನು ಕಲಿಸುತ್ತದೆ ಎಂದೆ. ಎಲ್ಲೆಯೊಳಗೆ ಯಾರಿಲ್ಲ ಎಂಬುದನ್ನೂ ಅದು ಕಲಿಸಿತು. ಹೆಂಗಸರ ಪಾಲನ್ನೂ ಇದೇ ಉಸಿರಿನಲ್ಲಿ ಹೇಳಬೇಕು. ರಾತ್ರಿಯಿಡೀ ರೊಟ್ಟಿ ಬಡಿದು, ಬೆಳಿಗ್ಗೆ ಬುಟ್ಟಿ ಹೊತ್ತು ನಡೆದು, ಎಲ್ಲರೂ ಉಂಡ ಮೇಲೆ ಉಣ್ಣುವವರಿಗೆ ಹಬ್ಬದ ಬಿಡುವು ಎಷ್ಟು ಸಿಕ್ಕೀತು? ಗುಳ್ಳವ್ವನ ಬಗ್ಗೆ ನಾನು ಇಷ್ಟು ಹಿಗ್ಗಿ ಬರೆಯುವುದಕ್ಕೆ ಇದೂ ಕಾರಣ. ಅಲ್ಲಿ ಸ್ವಂತ ಹೊಲ ಬೇಕಿಲ್ಲ, ಹಳ್ಳದ ಮಣ್ಣು ಸಾಕು. ಆಸ್ತಿಯ ಕಾಗದದಲ್ಲಿ ಹೆಸರಿಲ್ಲದ ಹುಡುಗಿಯರು ಮನೆಮನೆಯಿಂದ ಕಾಳು ಕೂಡಿಸಿ ತಮ್ಮದೇ ಊಟ ಹೂಡುತ್ತಿದ್ದರು. ಒಡೆತನದ ಹಬ್ಬದ ಮಗ್ಗುಲಲ್ಲೇ ಒಡೆತನ ಕೇಳದ ಇನ್ನೊಂದು ಮಕ್ಕಳ ಹಬ್ಬ ಇತ್ತೆಂಬುದು ಚರಿತ್ರೆಯಲ್ಲಿ ಸಣ್ಣ ಸಂಗತಿಯಲ್ಲ.

ಮಗುವಿಗೆ ನೆಲದಲ್ಲಿ ಪಾಲು ಬೇಕೆಂಬ ತಿಳಿವಳಿಕೆಗೆ ಹೊರಗಿನ ಜಗತ್ತೂ ತನ್ನ ದಾರಿಯಿಂದ ಬಂತು. ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ 1837ರಲ್ಲಿ ಬಾಡ್ ಬ್ಲಾಂಕೆನ್‌ಬುರ್ಗ್‌ನಲ್ಲಿ ಚಿಕ್ಕ ಮಕ್ಕಳಿಗಾಗಿ ತೆರೆದ ಸಂಸ್ಥೆಗೆ 1840ರಲ್ಲಿ ‘ಕಿಂಡರ್‌ಗಾರ್ಟನ್’ ಎಂದು ಹೆಸರಿಟ್ಟ. ಮಕ್ಕಳ ತೋಟ ಎಂದೇ ಆ ಪದದ ಅರ್ಥ. ಅವನ ಯೋಜನೆಯಲ್ಲಿ ಪ್ರತಿ ಮಗುವಿಗೂ ತನ್ನದೇ ಒಂದು ಪುಟ್ಟ ಪಾತಿ, ಅದರ ಸುತ್ತ ಎಲ್ಲರಿಗೂ ಸೇರಿದ ಪಾತಿಗಳು ಇರಬೇಕಿತ್ತು. ಮರಾಠಿ–ಗುಜರಾತಿ ನಾಡಿನಲ್ಲಿ ಆ ವಿಚಾರಕ್ಕೆ ಸಿಕ್ಕ ಹೆಸರು ಬಾಲವಾಡಿ. ವಾಡಿ ಎಂದರೆ ತೋಟವೇ. 1945ರಲ್ಲಿ ಬೋರ್ಡಿಯಲ್ಲಿ ಶಿಕ್ಷಣತಜ್ಞೆ ತಾರಾಬಾಯಿ ಮೋಡಕ್ ಹಳ್ಳಿಯ ಮಕ್ಕಳಿಗಾಗಿ ಕೆಲಸ ಶುರುಮಾಡಿದಾಗ, ಅನುತಾಯಿ ವಾಘ್ ಅವರೊಂದಿಗೆ ಕೇರಿಯ ಅಂಗಳಕ್ಕೇ ಶಾಲೆ ಒಯ್ದರು. ದನ ಕಾಯುವ ಮಕ್ಕಳಿಗಾಗಿ ಹುಲ್ಲುಗಾವಲಿನಲ್ಲೇ ನಡೆಯುವ ‘ಕುರಣಶಾಳಾ’ ಆಮೇಲೆ ಬಂತು. 1975ರ ಅಕ್ಟೋಬರ್ 2ರಂದು ಸರಕಾರದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ಅಂಗನವಾಡಿ ಎಂಬ ಮಾತು ದೇಶದ ಮಾತಾಯಿತು. ಇಂದು ಅಕ್ಕಲಕೋಟೆಯ ಹಳ್ಳಿಯ ತಾಯಿ ಮಗುವನ್ನು ಬಿಟ್ಟುಬರುವ ಜಾಗದ ಹೆಸರಲ್ಲಿ ತೋಟವಿದೆ, ಅಂಗಳವಿದೆ. ಬಹಳ ಕಡೆ ಅಲ್ಲಿ ಒಂದು ಪಾತಿಯೂ ಇಲ್ಲ. ಫ್ರೋಬೆಲ್‌ನ ಪಾತಿಗೂ ಎಳ್ಳಮಾವಾಸ್ಯೆಯ ಹೊಲಕ್ಕೂ ನೇರ ನಂಟನ್ನು ನಾನು ಕಟ್ಟುತ್ತಿಲ್ಲ. ಎರಡೂ ಒಂದು ಮಾತನ್ನು ಬಲ್ಲವು: ಮಗುವಿಗೆ ಗಿಡ ತೋರಿಸಿದರೆ ಸಾಲದು, ಗಿಡದ ಮೇಲೆ ಹಕ್ಕೂ ಹೊಣೆಯೂ ಕೊಡಬೇಕು.

ಕಳೆದ ಅರ್ಧ ಶತಮಾನದಲ್ಲಿ ಈ ಹಕ್ಕು ಕಳಚಿದ ಬಗೆ ಕಣ್ಣಿಗೆ ಕಾಣುವಂಥದ್ದು. ಭೀಮೆಗೆ ಕಟ್ಟಿದ ಉಜನಿ ಅಣೆಕಟ್ಟು 1980ರ ಹೊತ್ತಿಗೆ ಮುಗಿದು ನೀರು ಹರಿಯಿತು, ಅದರ ಬೆನ್ನಿಗೆ ಕಬ್ಬು. ಬರದ ಜಿಲ್ಲೆಯೆಂದು ಹೆಸರಾದ ಸೊಲ್ಲಾಪುರ ಮಹಾರಾಷ್ಟ್ರದಲ್ಲಿ ಅತಿ ಹೆಚ್ಚು ಸಕ್ಕರೆ ಕಾರ್ಖಾನೆಗಳಿರುವ ಜಿಲ್ಲೆಗಳಲ್ಲಿ ಒಂದಾಯಿತು. ಕಬ್ಬು ರೈತನ ಕೈಗೆ ದುಡ್ಡು ತಂದಿತು, ಅದನ್ನು ದೂರುವುದು ಸಲ್ಲದು. ಆದರೆ ಜೋಳದ ಹೊಲವೆಂದರೆ ಜೋಳವಷ್ಟೇ ಆಗಿರಲಿಲ್ಲ. ಅಂಚಿಗೆ ದನ ನುಗ್ಗದಂತೆ ಮುಳ್ಳಿನ ಕುಸುಬೆ, ನಡುವೆ ಅಕ್ಕಡಿಯಾಗಿ ಕಡಲೆ, ಅಗಸೆ, ಬದುವಿನ ಮೇಲೆ ಅವರೆಬಳ್ಳಿ. ಕಬ್ಬಿನ ಗದ್ದೆಯಲ್ಲಿ ಭಜ್ಜಿ ಹುಟ್ಟುವುದಿಲ್ಲ. ಮಕ್ಕಳು ಕೂತು ಉಣ್ಣುವಷ್ಟು ತೆರಪೂ ಇರುವುದಿಲ್ಲ, ಸುತ್ತು ಬರಲು ಬದುವೂ ಕಾಣುವುದಿಲ್ಲ. ಇತ್ತ ಜೋಳ ಉಳಿದ ಕಡೆ ಇನ್ನೊಂದು ಬೆಳವಣಿಗೆ: ಹುರ್ಡಾ ಪಾರ್ಟಿ. ನಾವು ಬೆಳಸಿ, ಸೀತನಿ ಎನ್ನುವುದಕ್ಕೇ ಮರಾಠಿಯಲ್ಲಿ ಹುರ್ಡಾ. ಚಳಿಗಾಲದ ರವಿವಾರಗಳಲ್ಲಿ ಪಟ್ಟಣದ ಕುಟುಂಬಗಳು ತಲೆಗೆ ಇಷ್ಟೆಂದು ಕೊಟ್ಟು ಹೊಲಕ್ಕೆ ಬರುತ್ತವೆ; ಗುಳಭೆಂಡಿಯಂಥ ಹಾಲುಗಾಳಿನ ತಳಿಗಳನ್ನು ಇದಕ್ಕೆಂದೇ ಬಿತ್ತುತ್ತಾರೆ; ಮಕ್ಕಳಿಗೆ ಬಂಡಿ ಸವಾರಿ, ಜೋಕಾಲಿ. ಮಹಾರಾಷ್ಟ್ರ ಸರಕಾರ 2020ರಲ್ಲಿ ಕೃಷಿ ಪ್ರವಾಸೋದ್ಯಮಕ್ಕೆ ನೀತಿಯನ್ನೂ ರೂಪಿಸಿತು.

ಇದನ್ನು ಹಳೆಯ ರೂಢಿಯ ಕೊಲೆಯೆಂದು ನಾನು ಕರೆಯಲಾರೆ. ಕಾಳಿಗೆ ಸಿಗದ ಬೆಲೆ ಹಸಿ ತೆನೆಗೆ ಸಿಕ್ಕು ಒಬ್ಬ ರೈತ ಕಬ್ಬಿನ ಬದಲು ಜೋಳವನ್ನೇ ಉಳಿಸಿಕೊಂಡರೆ, ಆ ಮಟ್ಟಿಗೆ ಹುರ್ಡಾ ಪಾರ್ಟಿ ಹೊಲವನ್ನು ಕಾಯ್ದ ಹಾಗೆಯೇ. ತೆನೆ ಎಂದರೇನೆಂದು ಕಾಣದ ಮಗು ಒಮ್ಮೆಯಾದರೂ ಬಿಸಿ ಕಾಳನ್ನು ಅಂಗೈಯಲ್ಲಿ ತಿಕ್ಕಿ ಹೊಟ್ಟು ಊದಿದರೆ ಅದು ದೊಡ್ಡ ಲಾಭ. ಕೊರತೆ ಇರುವುದು ಇನ್ನೊಂದು ಕಡೆ. ದುಡ್ಡು ಕೊಟ್ಟು ಬಂದ ಮಗು ಅಲ್ಲಿ ಗಿರಾಕಿ. ಅದಕ್ಕೆ ಸಿದ್ಧವಾದ ತೆನೆ ಸಿಗುತ್ತದೆ, ತೆನೆ ಸಿದ್ಧವಾಗುವವರೆಗೆ ಕಾಯುವ ವಾರಗಳು ಸಿಗುವುದಿಲ್ಲ. ಬೆಳಸಿಯ ಹದ ಕೆಲವೇ ದಿನದ್ದು: ಹಾಲು ಗಟ್ಟಿಯಾಗಿ ಹಿಟ್ಟಾಗುವ ಮೊದಲು, ಉಗುರು ಒತ್ತಿದರೆ ಮೆತ್ತಗೆ ಒಡೆಯುವ ಹೊತ್ತು. ಆ ಹೊತ್ತನ್ನು ಗುರುತಿಸಲು ದಿನದಿನವೂ ಹೊಲಕ್ಕೆ ಹೋಗಬೇಕು. ಮನೆಯ ಮಗು ಇದನ್ನು ಕಲಿತದ್ದು ಊಟದ ದಿನವಲ್ಲ, ಊಟಕ್ಕೆ ಮುಂಚಿನ ಇಪ್ಪತ್ತು ದಿನಗಳಲ್ಲಿ. ಪಟ್ಟಣದ ತೋಟದ ಪಾರ್ಟಿಯಲ್ಲೂ ಇದೇ ತೊಡಕು. ಮಗುವಿನ ಕೈಗೆ ನರ್ಸರಿಯಿಂದ ತಂದ ಸಸಿ ಬರುತ್ತದೆ. ಅದು ಮೊಳೆತದ್ದನ್ನು ಆ ಮಗು ನೋಡಿಲ್ಲ, ಅದು ಬಾಡಿದರೆ ಕೇಳುವವರೂ ಇಲ್ಲ.

ಸೊಲ್ಲಾಪುರದ ನವಿ ಪೇಠದಂಥ ಕಡೆ ಹೊಲ ಎಲ್ಲಿಂದ ತರುವುದು ಎಂದು ಕೇಳಬಹುದು. ಅದು ಅಂಗಡಿಗೆ ಅಂಗಡಿ ಒತ್ತಿಕೊಂಡ ಪೇಟೆ. ಅಲ್ಲಿಯ ಮಕ್ಕಳಿಗೆ ಬಯಲೆಂದರೆ ಭುಯಿಕೋಟೆಯ ಉದ್ಯಾನ, ಸಿದ್ಧರಾಮನ ಕೆರೆಯ ದಂಡೆ, ಜಾತ್ರೆಯ ಹೋಮ್ ಮೈದಾನ. ಹಳೆಯ ರೂಢಿಯ ಒಳಗಿನಿಂದಲೇ ಇದಕ್ಕೆ ಉತ್ತರವಿದೆ, ಏಕೆಂದರೆ ಆ ಸರಣಿಯಲ್ಲಿ ಹೊಲ ಬೇಕಾದದ್ದು ಕೊನೆಯ ಮೆಟ್ಟಿಲಿಗೆ ಮಾತ್ರ. ಘಟಕ್ಕೆ ಬೇಕಾದದ್ದು ಒಂದು ಬುಟ್ಟಿ ಮಣ್ಣು ಮತ್ತು ಒಂಬತ್ತು ದಿನ. ಗುಳ್ಳವ್ವನಿಗೆ ಬೇಕಾದದ್ದು ಒಂದು ಓಣಿಯ ಗೆಳತಿಯರು. ಭಜ್ಜಿಯ ಹಸಿರು ಅಮಾವಾಸ್ಯೆಯ ಹಿಂದಿನ ದಿನ ಸೊಲ್ಲಾಪುರದ ಸಂತೆಯಲ್ಲೂ ರಾಶಿ ಬೀಳುತ್ತದೆ. ಸಂಕ್ರಾಂತಿಯ ಮುನ್ನಾದಿನದ ಭೋಗಿಗೆ ಮತ್ತೆ ಅಂಥದ್ದೇ ಕೂಡುಪಲ್ಲೆ, ಸಜ್ಜೆ ರೊಟ್ಟಿ ಆಗುವುದರಿಂದ ಆ ವಾರಗಳಲ್ಲಿ ಕಡಲೆಗಿಡದ ಕಟ್ಟುಗಳಿಗೆ ಬರವಿಲ್ಲ. ಯಾವ ಸೊಪ್ಪು ಯಾವುದೆಂದು ಆರಿಸುವ ಕೆಲಸವನ್ನು ಸಂತೆಯಲ್ಲಿ ಮಗುವಿಗೇ ಬಿಟ್ಟುಕೊಟ್ಟರೆ ಹೊಲದ ಗಣತಿ ಅಷ್ಟರ ಮಟ್ಟಿಗೆ ಪೇಟೆಗೂ ಬಂದಂತೆ. ಮಣ್ಣೆತ್ತಿನ ಹಬ್ಬದ ಮುನ್ನಾದಿನ ಕುಂಬಾರರು ಬುಟ್ಟಿಯಲ್ಲಿ ಜೋಡಿಜೋಡಿ ಎತ್ತು ತಂದು ಬೀದಿಬದಿಯಲ್ಲಿ ಕೂರುತ್ತಾರೆ. ಬಣ್ಣ ಬಳಿದು ಕೊಂಬಿಗೆ ಮಿನುಗು ಹಚ್ಚಿದ ಎತ್ತುಗಳು ಬೇಗ ಖಾಲಿಯಾಗುತ್ತವೆ. ಬುಟ್ಟಿಯ ತಳದಲ್ಲಿ ಸಾಮಾನ್ಯವಾಗಿ ಒಂದಿಷ್ಟು ಒದ್ದೆ ಮಣ್ಣೂ ಇರುತ್ತದೆ, ದಾರಿಯಲ್ಲಿ ಮುರಿದ ಕಾಲು ಕಿವಿಗಳನ್ನು ತಿದ್ದಿ ಕೂಡಿಸಲು. ಆ ಮಣ್ಣಿನ ಮುದ್ದೆಗೆ ಬೆಲೆ ಕೇಳುವ ಮಗು ಬಂದರೆ ಕುಂಬಾರರು ದುಡ್ಡು ಕೇಳಲಾರರು.